ಟೈಪಿಂಗ್ ಮೇಷ್ಟ್ರ ಮೂಗರ್ಜಿ

ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಅದರಡಿ ಬಗ್ಗಿ ಒಳಗೆ ಹೋಗಿ, ದೀಪ ಹಾಕದೆ ಕಂಪ್ಯೂಟರಿನ ಮುಂದೆ ಕೂರುವುದು ವಿರೂಪಾಕ್ಷಪ್ಪನಿಗೆ ಈ ವಾರ ಅಂಟಿಕೊಂಡ ಚಾಳಿ. ಪೂರ್ತಿ ಎತ್ತಿದರೆ ನ್ಯಾಮತಿ ಬಸ್‌ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ‘ಮೇಷ್ಟ್ರೇ, ಒಂದು ಜೆರಾಕ್ಸು’ ಎಂದು ನುಗ್ಗುತ್ತಾರೆ; ಅದಕ್ಕೆ ಮುಂಚೆ ಅವನಿಗೊಂದು ಕಳ್ಳತನ ಮುಗಿಸುವುದಿತ್ತು. ಕಳ್ಳತನವೆಂದರೆ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ರೂಪಶ್ರೀಯ ಈಮೇಲ್ ತೆರೆದು ನೋಡುವುದು. ಹೊಲಿಗೆ ಯಂತ್ರದ ಅರ್ಜಿ ಹಾಕುವಾಗ ಆ ಈಮೇಲ್ ಮಾಡಿಕೊಟ್ಟವನು ಅವನೇ. ಊರಿನ ಮುಕ್ಕಾಲು ಜನರದ್ದು ಅವನೇ ಮಾಡಿಕೊಟ್ಟದ್ದು. ಎಲ್ಲರ ಪಾಸ್‌ವರ್ಡೂ ಒಂದೇ ಅಚ್ಚಿನದು, ಹೆಸರು, ಅದರ ಬಾಲಕ್ಕೆ ಒಂದು ಎರಡು ಮೂರು. ಯಾರೂ ಮರೆಯಬಾರದು ಎಂದು ಹಾಗೆ ಮಾಡಿದ್ದ. ಜನ ಮರೆತರು, ಅವನೊಬ್ಬ ಮರೆಯಲಿಲ್ಲ. ಇವತ್ತೂ ಆ ಪತ್ರ ಹಾಗೇ ಇತ್ತು, ಬ್ಯಾಂಕಿನ ಜಾಹೀರಾತುಗಳ ನಡುವೆ ದಪ್ಪ ಅಕ್ಷರದಲ್ಲಿ, ಯಾರೂ ಮುಟ್ಟದೆ. ಕಳಿಸಿದವನು ಯಾರೆಂದು ದೇವರಿಗೂ ತಿಳಿಯಬಾರದೆಂದು ಬೀಗದ ಮೇಲೆ ಬೀಗ ಹಾಕಿ ಅವನೇ ಕಳಿಸಿದ ಪತ್ರ. ಓದಬೇಕಾದ ಒಬ್ಬಳು ಓದದೆ ಕೂತಿದ್ದಳು. ನಾಡಿದ್ದು ಗುರುವಾರ ಅವಳಿಗೆ ಹೂ ಮುಡಿಸುವ ಶಾಸ್ತ್ರ.

ಅದನ್ನು ಮುಚ್ಚಿದರೆ ಅದರ ಹಿಂದೆ ಲಗ್ನಪತ್ರಿಕೆ. ಅದೂ ಅವನ ಕೈಯದೇ. ಚಿ. ಸತೀಶ್ ಕುಮಾರ್, ಹೊನ್ನಾಳಿಯ ಷಣ್ಮುಖಪ್ಪನವರ ಸುಪುತ್ರ, ಚಿ.ಸೌ. ರೂಪಶ್ರೀ, ಬಸವಾಪಟ್ಟಣ. ಷಣ್ಮುಖಪ್ಪ ಎಂದರೆ ವಿರೂಪಾಕ್ಷಪ್ಪನ ಹೆಂಡತಿ ಅನ್ನಪೂರ್ಣಮ್ಮನ ಅಣ್ಣ. ಈ ಮಳಿಗೆ ಇರುವುದೂ ಅವರ ಹೆಸರಿನಲ್ಲೇ. ಸತೀಶನಿಗೆ ಇದು ಎರಡನೆಯ ಮದುವೆ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಮೊದಲನೆಯವಳಿಗೆ ತಲೆ ಸರಿಯಿರಲಿಲ್ಲ, ಪಾಪ, ಹಿರಿಯರೇ ಕೂತು ಬಗೆಹರಿಸಿದರು ಎಂದು ಷಣ್ಮುಖಪ್ಪ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರು, ಅಷ್ಟು ಪ್ರಾಮಾಣಿಕರು. ರೂಪಶ್ರೀಗೆ ಮೂವತ್ತು ದಾಟಿದೆ, ತಂದೆಯಿಲ್ಲ, ನ್ಯಾಮತಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೊಲಿಯುತ್ತಾಳೆ. ಸತೀಶನ ಆ ಮೊದಲನೆಯವಳು, ಶಿವಲೀಲಾ, ಅವಳ ವಿಷಯ ವಿಚಾರಿಸಲು ಚಿಕ್ಕಮ್ಮ ಎಲ್ಲಿಗೂ ಹೋಗಲಿಲ್ಲ. “ಮೇಷ್ಟ್ರು ಅದೇ ಮನೆ ಅಳಿಯ ಅಲ್ಲೇನು? ಏನಾರ ಇದ್ದಿದ್ರೆ ಅವರು ಹೇಳ್ದೇ ಇರ್ತಿದ್ರಾ?” ಎಂದು ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿಹೋಗಿದ್ದಳು. ವಿರೂಪಾಕ್ಷಪ್ಪ ಆಗ ಪ್ರಿಂಟರಿನ ಮುಚ್ಚಳ ತೆಗೆದು ಏನೋ ಹುಡುಕಿದಂತೆ ಮಾಡಿದ್ದ. ಸುಮ್ಮನಿದ್ದವನನ್ನು ಜನ ಸಾಕ್ಷಿ ಎಂದುಕೊಳ್ಳುತ್ತಾರೆ, ಅವನ ತಪ್ಪೇನು? ಈ ಪ್ರಶ್ನೆಯನ್ನು ಅವನು ತನಗೆ ತಾನೇ ಬಹಳ ಸಲ ಕೇಳಿಕೊಂಡಿದ್ದಾನೆ, ಉತ್ತರ ಗೊತ್ತಿದ್ದೇ.

ಮೂಗರ್ಜಿ ಬರೆಯುವುದು ಈ ಸೀಮೆಗೆ ಹೊಸದಲ್ಲ. ಯಾರ ಮನೆಯಲ್ಲಿ ಎಲೆ ಅಡಿಕೆ ಬದಲಾದರೂ ಹೆಸರಿಲ್ಲದ ಒಂದು ಕಾಗದ ಬೀಗರ ಮನೆಗೆ ಬಂದೇ ಬರುತ್ತಿತ್ತು. ಅವನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಕಾಲದಲ್ಲಿ ಅಂಥವನ್ನು ಟೈಪ್ ಮಾಡಿಕೊಡಿ ಎಂದು ಬಂದವರನ್ನು ಬೈದು ಕಳಿಸಿದ್ದ. ಈಗ ತಾನೇ ಬರೆಯುವ ಹೊತ್ತಿಗೆ ಅಂಚೆ ಬೇಡ, ಕಾಗದ ಚಿಕ್ಕಮ್ಮನ ಕೈಗೆ ಸಿಗುತ್ತದೆ, ಸಿಕ್ಕರೆ ಹೊನ್ನಾಳಿಗೆ ಮುಟ್ಟುತ್ತದೆ ಎನಿಸಿತು. ಫೋನು ಬೇಡ, ದನಿ ಗೊತ್ತಾಗುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರ್ಯಾರದೋ ವಿಡಿಯೋ ನೋಡಿ ಕಲಿತ. ಕಳಿಸುವವನ ಊರನ್ನೇ ಮರೆಮಾಚುವ ಬ್ರೌಸರು, ಹೆಸರು ಫೋನ್ ನಂಬರು ಏನೂ ಕೇಳದ ಹೊರದೇಶದ ಮೇಲ್ ಕಂಪನಿ. ಪತ್ರವನ್ನು ಇಲ್ಲೇ ಗುಪ್ತಲಿಪಿ ಮಾಡಿಬಿಡುತ್ತದಂತೆ. ದಾರಿಯಲ್ಲಿ ಯಾರು ಹಿಡಿದು ನೋಡಿದರೂ ಅಕ್ಷರಗಳ ಚಿತ್ರಾನ್ನ, ಆ ಕಂಪನಿಯವರಿಗೂ ಅಷ್ಟೆ. ಐವತ್ತು ದಾಟಿದ ಮೇಲೆ ಇಷ್ಟು ಶ್ರದ್ಧೆಯಿಂದ ಇನ್ನೇನನ್ನೂ ಅವನು ಕಲಿತಿರಲಿಲ್ಲ. ಒಬ್ಬ ಹುಡುಗಿಗೆ ನಾಲ್ಕು ಮಾತು ಹೇಳುವುದಕ್ಕೆ ಇಷ್ಟೊಂದು ವಿದ್ಯೆ ಬೇಕಾಯಿತಲ್ಲ ಎಂದು ನಾಚಿಕೆಯೂ ಆಗಿತ್ತು. ಅಂಗಡಿಯಿಂದ ಕಳಿಸಿದರೆ ಎಲ್ಲಿ ಸುಳಿವು ಸಿಗುತ್ತದೋ ಎಂದು ಫೋನನ್ನು ಮನೆಯಲ್ಲೇ ಬಿಟ್ಟು, ಹಳೆಯ ಟ್ಯಾಬನ್ನು ಕೈಚೀಲದಲ್ಲಿ ಹಾಕಿಕೊಂಡು, ಪ್ರಿಂಟರ್ ರಿಪೇರಿ ಎಂದು ಅನ್ನಪೂರ್ಣಮ್ಮನಿಗೆ ಸುಳ್ಳು ಹೇಳಿ ಚನ್ನಗಿರಿಗೆ ಹೋದ. ವೈಫೈ ಇದ್ದ ಬೇಕರಿಯೊಂದರ ಮೂಲೆಯಲ್ಲಿ ಕೂತು ಟ್ಯಾಬ್ ತೆಗೆದಿದ್ದನಷ್ಟೆ. “ಏನ್ ಮೇಷ್ಟ್ರೇ, ಇಲ್ಲಿ? ಯಾರಿಗೂ ಹೇಳ್ದಂಗೆ ಬಂದೀರಿ!” ಎಂದು ಬೆನ್ನು ತಟ್ಟಿದವನು ಪಾಪಣ್ಣ, ಟೈಪಿಂಗ್ ಜೂನಿಯರಿನಲ್ಲಿ ಫೇಲಾದ ಹಳೆಯ ಶಿಷ್ಯ. ಎದುರೇ ಕೂತ, ತಾನೇ ಟೀ ಹೇಳಿದ, ಊರಿನವರೆಲ್ಲರ ಕ್ಷೇಮ ಕೇಳಿದ. ಟ್ಯಾಬನ್ನು ಬೋರಲು ಹಾಕಿ ಅದರ ಮೇಲೆ ಬನ್ನಿನ ತಟ್ಟೆ ಇಟ್ಟುಕೊಂಡು ವಿರೂಪಾಕ್ಷಪ್ಪ ನಗುತ್ತಾ ಕೂತ. ಜಗತ್ತಿನ ಯಾವ ಮೂಲೆಯಿಂದಲೂ ಕಾಣದ ಹಾಗೆ ಮಾಡುವ ಬ್ರೌಸರು ಪಾಪಣ್ಣನ ಕಣ್ಣಿಗೆ ಏನು ಮಾಡೀತು?

ಪಾಪಣ್ಣ ಎದ್ದುಹೋದ ಮೇಲೆ ಇನ್ನೊಂದು ತೊಡಕು. ಬೀಗ ಹಾಕಿದ ಪತ್ರಕ್ಕೆ ಒಂದು ಪಾಸ್‌ವರ್ಡ್ ಬೇಕು, ಅದು ಅವಳಿಗೆ ಗೊತ್ತಿರುವಂಥದ್ದಾಗಿರಬೇಕು, ಒಂದು ಸುಳಿವನ್ನೂ ಬರೆಯಬೇಕು. ಮನೆದೇವರ ಹೆಸರು ಎಂದು ಹಾಕಿದ, ಅಳಿಸಿದ. ಅದು ಬಯೋಡೇಟಾದಲ್ಲೇ ಇದೆ, ಸತೀಶನೂ ತೆರೆದಾನು. ಕೊನೆಗೆ ಹೊಳೆದದ್ದು ಶಾಲೆಯ ಹೆಸರು. ಬಸವಾಪಟ್ಟಣದ ಶಾಲೆಯಲ್ಲಿ ಅವಳನ್ನು ಹಾಲಮ್ಮ ಎಂದು ಬರೆಸಿದ್ದರು. ಆಮೇಲೆ ಅಫಿಡವಿಟ್ ಮಾಡಿಸಿ ರೂಪಶ್ರೀ ಎಂದು ಬದಲಾಯಿಸಿದ್ದು. ಅವಳ ಜೊತೆ ಓದಿದ ಎಲ್ಲರಿಗೂ ಗೊತ್ತು, ಹೊನ್ನಾಳಿಯವರಿಗೆ ಗೊತ್ತಿಲ್ಲ. ಇದು ಸರಿ ಎಂದುಕೊಂಡ. ಪತ್ರ ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೆರಳು ಇಟ್ಟ ಕೂಡಲೇ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ತಾನಾಗಿ ಮೂಡಿತು. ಅವನ ಬೆರಳುಗಳ ಗುಣವೇ ಅದು, ಮನಸ್ಸಿಗಿಂತ ಮುಂದೆ ಓಡುತ್ತವೆ. ಗಿರಾಕಿ ಬಾಯಿ ತೆರೆಯುವ ಮೊದಲೇ ‘ರವರಿಗೆ’ ಮುಗಿದಿರುತ್ತದೆ, ‘ಇಂತಿ ತಮ್ಮ ವಿಧೇಯ’ ಕೂಡ. ಅಳಿಸಿ ಅಳಿಸಿ, ಯಾರೋ ಹೆಚ್ಚು ಓದದವರು ಬರೆದ ಹಾಗೆ ಮಾಡಿದ. ತನ್ನ ಬಗ್ಗೆ ಬರುವಲ್ಲಿ ‘ಒಬ್ಬರು’ ಎಂದು ಬರೆದ. ಬರೆದು, ಆ ಒಬ್ಬರನ್ನು ಬಹಳ ಹೊತ್ತು ನೋಡಿದ. ಎಷ್ಟು ಸಭ್ಯವಾದ ಮಾತು, ಒಬ್ಬರು.

ಆ ಒಬ್ಬರ ಮನೆಯ ಬಾಗಿಲಿಗೆ ಶಿವಲೀಲಾ ಬಂದಾಗ ಅನ್ನಪೂರ್ಣಮ್ಮ ಇರಲಿಲ್ಲ, ಅವನು ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಬಿಳಿಚೋಡಿನ ಹುಡುಗಿ, ಜಗಳೂರು ಕಡೆಯ ಎತ್ತರದ ದನಿ. ಅವತ್ತು ಆ ದನಿ ಇರಲಿಲ್ಲ. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬಿಚ್ಚಿ ತೋರಿಸಿದಾಗ ಮಣಿಕಟ್ಟು ಊದಿ ಬಳೆ ಮಾಂಸದಲ್ಲಿ ಹೂತಿತ್ತು. “ಎರಡು ದಿನ ಇರ್ತೀನಿ ಮಾವ. ಅಪ್ಪಂಗೆ ಫೋನ್ ಮಾಡಿದ್ರೆ ಬಂದು ಕರ್ಕಂಡು ಹೋಗ್ತಾನೆ,” ಎಂದಳು. ಅವನು ಅವಳಿಗೆ ನೀರು ಕೊಟ್ಟ. ಸಂಸಾರ ಅಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ ಎಂದ. ಭಾವನಿಗೆ ತಿಳಿದರೆ ಇನ್ನೂ ರಂಪವಾಗುತ್ತದೆ ಎಂದ. ತಾನೇ ಜೊತೆಗೆ ನಡೆದು ಹೋಗಿ ಹೊನ್ನಾಳಿ ಬಸ್ಸಿಗೆ ಹತ್ತಿಸಿದ, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟ, ಆ ಒಳ್ಳೆಯತನ ಬೇರೆ. ಅವಳು ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಆಮೇಲೆ ಅವಳನ್ನು ನೋಡಿದ್ದು ಪಂಚಾಯಿತಿಯಲ್ಲಿ, ಹೊನ್ನಾಳಿಯ ಆ ಮನೆಯ ಪಡಸಾಲೆಯಲ್ಲಿ. ಹಿರಿಯರಾದ ತಿಪ್ಪೇರುದ್ರಸ್ವಾಮಿ ವಿಚ್ಛೇದನದ ಕರಾರು ಪತ್ರ ಹೇಳುತ್ತಾ ಹೋದರು, ಅವನು ಟೈಪ್ ಮಾಡುತ್ತಾ ಹೋದ. ‘ಸ್ವಇಚ್ಛೆಯಿಂದ’ ಎಂಬುದನ್ನು ಅವರು ಹೇಳುವ ಮೊದಲೇ ಬೆರಳು ಹೊಡೆದಿತ್ತು. ಶಿವಲೀಲಾ ಎಡಗೈಯಲ್ಲಿ ಸಹಿ ಮಾಡಿದಳು, ಕಾಗೆ ಕಾಲು ಗುಬ್ಬಿ ಕಾಲು. “ನೋಡ್ರಪ್ಪಾ, ಹತ್ತನೇ ಕ್ಲಾಸ್ ಓದಿದ ಹುಡುಗಿ ಸೈನು ಮಾಡೋ ಚೆಂದ ನೋಡ್ರಿ. ತಲೆ ನೆಟ್ಟಗಿಲ್ಲ ಅಂದ್ರೆ ಸುಳ್ಳಾ?” ಎಂದು ತಿಪ್ಪೇರುದ್ರಸ್ವಾಮಿ ಕಾಗದವನ್ನು ಎಲ್ಲರಿಗೂ ತೋರಿಸಿದರು. ಅವಳ ಅಪ್ಪ ತಲೆ ತಗ್ಗಿಸಿದ. ಬಲಗೈ ಸೆರಗಿನ ಒಳಗೇ ಇತ್ತು. ಅವಳು ವಿರೂಪಾಕ್ಷಪ್ಪನನ್ನು ನೋಡಿದಳು, ಬೇಡಿಕೊಳ್ಳುವ ಹಾಗೆ ಅಲ್ಲ, ಬಸ್ ಎಲ್ಲಿಗೆ ಬಂತು ಎಂದು ನೋಡುವ ಹಾಗೆ. ಅವನು ಇನ್ನೊಂದು ಪ್ರತಿ ತೆಗೆಯಲೇ ಎಂದು ಕೇಳಿದ.

ಅಂಗಡಿಯ ಕತ್ತಲಲ್ಲಿ ಫೋನ್ ಹೊಡೆದುಕೊಂಡಿತು. ಷಣ್ಮುಖಪ್ಪ.

“ಏನ್ರೀ ವಿರೂಪಾಕ್ಷಪ್ಪೋರೆ, ಕಾರ್ಡ್ ಆತಾ?”

“ಆಗ್ತಾ ಐತೆ ಭಾವ. ಒಂದೆರಡು ಹೆಸರು ಸೇರಿಸೋದೈತೆ.”

“ಬೇಗ ಮಾಡ್ರಿ ಮಾರಾಯ್ರೇ. ಆ ಮಳಿಗೇಲಿ ಕುಂತು ದಿನವೆಲ್ಲ ಅದೇನು ಕಡಿತೀರೋ. ಗುರುವಾರ ನೀವೇ ಮುಂದೆ ನಿಂತು ಎಲ್ಲ ಮಾಡಿಸ್ಬೇಕು ಮತ್ತೆ. ಹುಡುಗಿ ಕಡೆಯೋರು ನಿಮ್ಮ ಮುಖ ನೋಡೇ ಒಪ್ಪಿರೋದು.”

“ಆಗಲಿ ಭಾವ,” ಎಂದ. ಇಪ್ಪತ್ತೈದು ವರ್ಷದಿಂದ ಆ ಮನೆಗೆ ಅವನು ಹೇಳಿಕೊಂಡು ಬಂದ ಮಾತು ಅದೊಂದೇ. ಫೋನ್ ಇಟ್ಟು ಷಟರನ್ನು ಪೂರ್ತಿ ಎತ್ತಿದ. ಬಿಸಿಲು ಗೋಡೆಯ ಮೇಲೆ ಬಿತ್ತು, ಗೋಡೆಗೆ ಅವನೇ ಅಂಟಿಸಿದ್ದ ಸೂಚನೆಯ ಮೇಲೆ: ‘ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಸಂಶಯ ಬಂದರೆ ಮೊದಲು ನಮಗೆ ತೋರಿಸಿ.’ ಯಾರದೋ ಖಾತೆ ಯಾರೋ ಖಾಲಿ ಮಾಡಿದ ಸುದ್ದಿ ಊರಲ್ಲಿ ಹಬ್ಬಿದಾಗ ದೊಡ್ಡ ಅಕ್ಷರದಲ್ಲಿ ಹಾಕಿದ್ದು. ಜೆರಾಕ್ಸಿನವರು ಬಂದರು, ಪಹಣಿಯವರು ಬಂದರು. ಅವನಿಗೆ ಎಲ್ಲೂ ನೋವಿರಲಿಲ್ಲ, ಆದರೆ ಕೂತಲ್ಲೇ ಮಲಗಿಬಿಡಬೇಕು ಎನ್ನುವಷ್ಟು ಸುಸ್ತು. ಗುರುವಾರ ಕಳೆದುಹೋದರೆ ಸಾಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ನಾನಂತೂ ತಿಳಿಸಿದೆ, ಅವಳು ಓದದಿದ್ದರೆ ನಾನೇನು ಮಾಡಲಿ ಎಂದು ಅದೇ ಮನಸ್ಸು ಮುಂದುವರಿಸುತ್ತಿತ್ತು.

ಬಿಸಿಲೇರಿದ ಮೇಲೆ ರೂಪಶ್ರೀ ಬಂದಳು. ಕತ್ತಿನಲ್ಲಿ ಅಳತೆಯ ಟೇಪು, ಸೆರಗಿನ ಅಂಚಿಗೆ ದಾರದ ಚೂರುಗಳು. ಗಿರಾಕಿಗಳು ಹೋಗುವ ತನಕ ಬಾಗಿಲ ಪಕ್ಕ ನಿಂತಿದ್ದು, ಆಮೇಲೆ ಫೋನನ್ನು ಟೇಬಲ್ಲಿನ ಮೇಲಿಟ್ಟಳು.

“ಮೇಷ್ಟ್ರೇ, ಇದೊಂದು ನೋಡ್ರಿ. ಈಗಿನ್ನೂ ನೋಡ್ದೆ, ಯಾವ್ದೋ ಮೇಲ್ ಬಂದೈತೆ. ಬೀಗದ ಚಿತ್ರ ಹಾಕಿ ಇಂಗ್ಲಿಷ್ನಾಗೆ ಏನೋ ಐತೆ. ಕಳಿಸಿದೋರ ಹೆಸರಿಲ್ಲ, ಲಿಂಕ್ ಒತ್ತು ಅಂತೈತೆ. ನಮ್ಮ ಚಿಕ್ಕಮ್ಮ ಇದು ದುಡ್ಡು ಹೊಡಿಯೋರ್ದೇ, ಮುಟ್ಟಬ್ಯಾಡ ಅಂದ್ಲು. ನೀವೂ ಗೋಡೆ ಮೇಲೆ ಬರೆದೀರಲ್ಲ. ಅದ್ಕೇ ಒತ್ತಿಲ್ಲ ನಾನು, ಹಂಗೇ ತಂದೀನಿ.”

ಇಷ್ಟು ದಿನ ಅವನು ಎಲ್ಲ ಲೆಕ್ಕ ಹಾಕಿದ್ದ, ಇದೊಂದನ್ನು ಬಿಟ್ಟು. ಯಾವ ಪತ್ರ ಬಂದರೂ ಈ ಊರಿನವರು ಓದಿಸಿಕೊಳ್ಳಲು ಬರುವುದು ತನ್ನ ಹತ್ತಿರವೇ. ಅವನಿಗೆ ನಗು ಬಂದು, ಅದು ಕೆಮ್ಮಾಗಿ ಹೊರಬಂತು.

“ಅಳಿಸಿಬಿಡ್ರಿ ಮೇಷ್ಟ್ರೇ. ಮದುವೆ ಟೈಮ್ನಾಗೆ ಯಾಕೆ ಬೇಕು ಇಲ್ಲದ್ದು,” ಎಂದು ಅವಳು ಸ್ಟೂಲಿನ ಮೇಲೆ ಕೂತಳು.

ಅಳಿಸಿಬಿಡ್ರಿ. ಒಂದು ಸಲ ಒತ್ತಿದರೆ ಮುಗಿಯಿತು. ಅವಳೇ ಹೇಳಿದ್ದು, ಅವಳೆದುರಿಗೇ. ಯಾರೂ ಬಸ್ ಹತ್ತಿಸಬೇಕಾಗಿರಲಿಲ್ಲ ಈ ಸಲ. ಅವನಿಗೆ ನಿಜಕ್ಕೂ ಹಗುರವಾಯಿತು, ಬೆರಳು ಅಳಿಸುವ ಗುರುತಿನ ಹತ್ತಿರ ಹೋಗಿಯೂ ಹೋಯಿತು. ಅವಳು ಸುಮ್ಮನೆ ಮಾತಾಡುತ್ತಿದ್ದಳು: ಗುರುವಾರದೊಳಗೆ ಬಳೆ ತೊಡಿಸಿಕೊಳ್ಳಾಕೆ ಹೋಗಬೇಕು, ಹೊಲಿಯೋ ಕೈಗೆ ತುಂಬ ಬಳೆ ಹಾಕ್ಕಂಡ್ರೆ ಬಟ್ಟೆಗೆ ಸಿಕ್ಕೋತಾವೆ, ಅವರ ಮನೇಲಿ ಮೆಷಿನ್ ಇಡಾಕೆ ಜಾಗ ಕೊಡ್ತೀವಿ ಅಂದಾರೆ. ಮಾತಾಡುತ್ತಾ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದಳು, ದಿನವಿಡೀ ಕತ್ತರಿ ಹಿಡಿದವರು ಒತ್ತಿಕೊಳ್ಳುವ ಹಾಗೆ. ಸಣ್ಣ ಮಣಿಕಟ್ಟು. ಅದನ್ನು ನೋಡುತ್ತಾ ವಿರೂಪಾಕ್ಷಪ್ಪ ಬೆರಳನ್ನು ಅಳಿಸುವ ಗುರುತಿನಿಂದ ಹಿಂದಕ್ಕೆ ತೆಗೆದ. ಈ ಕೈ ಹೋದರೆ ಇವಳಿಗೆ ಅನ್ನವೇ ಇಲ್ಲ.

“ಒಂದು ಸಲ ತೆಗೆದು ನೋಡಣ,” ಎಂದ. ದನಿ ತನ್ನದಲ್ಲ ಎನಿಸಿತು.

“ದುಡ್ಡು ಹೋಗಲ್ಲ ತಾನೇ?”

“ಇಲ್ಲಮ್ಮ. ಇಲ್ಲಿ ಏನೂ ಹೋಗಲ್ಲ.”

ಅವಳ ಮೇಲನ್ನು ಕಂಪ್ಯೂಟರಿನಲ್ಲಿ ತೆರೆದು ಲಿಂಕ್ ಒತ್ತಿದ. ಬಿಳಿಯ ಪುಟ, ನಡುವೆ ಒಂದು ಖಾಲಿ ಚೌಕ, ಕೆಳಗೆ ಸುಳಿವು. “ಪಾಸ್‌ವರ್ಡ್ ಕೇಳ್ತೈತೆ. ಶಾಲೆಯಲ್ಲಿ ಬರೆಸಿದ ಹೆಸರು, ಇಂಗ್ಲಿಷಿನಲ್ಲಿ, ಅಂತ ಐತೆ,” ಎಂದು ಓದಿ ಹೇಳಿದ.

“ಅಯ್ಯೋ ಶಿವನೇ!” ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅದು ಯಾವನಿಗೆ ಗೊತ್ತಾತು? ನಮ್ಮ ಕ್ಲಾಸಿನೋರೇ ಯಾರೋ ಆಟ ಆಡ್ತಾವ್ರೆ. ಬಸವಾಪಟ್ಟಣದಾಗೆ ಇವತ್ತಿಗೂ ಅದೇ ಹೆಸರಿಟ್ಟು ಕಾಡ್ತಾರೆ ಮೇಷ್ಟ್ರೇ, ಮುದುಕೀರ ಹೆಸರು ಅಂತ. ನನಗೆ ಎಷ್ಟು ಸಿಟ್ಟು ಬರ್ತಿತ್ತು ಅಂದ್ರೆ…”

ಅವಳು ನಿಲ್ಲಿಸಿದಳು. ಪರದೆಯ ಮೇಲೆ ಪತ್ರ ತೆರೆದುಕೊಂಡಿತ್ತು.

ವಿರೂಪಾಕ್ಷಪ್ಪ ತನ್ನ ಕೈ ನೋಡಿಕೊಂಡ. ಬೆರಳುಗಳು ಕೀಲಿಗಳ ಮೇಲೆ ಮಡಚಿಕೊಂಡು ಕೂತಿದ್ದವು, ಕೆಲಸ ಮುಗಿಸಿದ ಹಾಗೆ.

“ನಾನಿನ್ನೂ ಹೆಸರು ಹೇಳೇ ಇರಲಿಲ್ಲ,” ಎಂದಳು ರೂಪಶ್ರೀ.

ಅಫಿಡವಿಟ್ ಟೈಪ್ ಮಾಡಿದ್ದು ನಾನೇ ಅಲ್ಲವೇ, ನೆನಪಿತ್ತು, ಎಂದರೆ ಆಗಿತ್ತು. ಅಷ್ಟು ಸುಲಭದ ನೆಪವೂ ಅವನಿಗೆ ಸಮಯಕ್ಕೆ ಹೊಳೆಯಲಿಲ್ಲ. ಅವಳು ಅವನ ಉತ್ತರಕ್ಕೆ ಕಾಯಲೂ ಇಲ್ಲ. ಸ್ಟೂಲಿನಿಂದ ಎದ್ದು ಪರದೆಯ ಹತ್ತಿರ ಬಂದು, ತುಟಿ ಆಡಿಸುತ್ತಾ ಓದತೊಡಗಿದಳು.

‘ರೂಪಶ್ರೀ, ಶಿವಲೀಲಾಗೆ ತಲೆ ಕೆಟ್ಟಿರಲಿಲ್ಲ. ಸತೀಶ ಅವಳ ಬಲಗೈ ತಿರುಚಿ ಮಣಿಕಟ್ಟು ಮುರಿದಿದ್ದ. ಅವಳು ಒಬ್ಬರ ಮನೆಗೆ ಹೋಗಿ ಕೈ ತೋರಿಸಿ ಎರಡು ದಿನ ಇಟ್ಟುಕೊಳ್ಳಿ ಅಂದಳು. ಅವರು ಬಸ್ ಹತ್ತಿಸಿ ಅದೇ ಮನೆಗೆ ವಾಪಸ್ ಕಳಿಸಿದರು. ಪಂಚಾಯಿತಿಯಲ್ಲಿ ಎಡಗೈಯಲ್ಲಿ ಸೈನು ಮಾಡಿದಳು. ಅದನ್ನೇ ಹುಚ್ಚು ಅಂದರು. ಈ ಮದುವೆ ಬೇಡ.’

ಅವಳು ಎರಡನೆಯ ಸಲ ಓದಿದಳು. ಹೊರಗೆ ಹೊನ್ನಾಳಿ ಹೊನ್ನಾಳಿ ಎಂದು ಕಂಡಕ್ಟರ್ ಕೂಗುತ್ತಿದ್ದ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಬೇರೆಯವರು ಕತ್ತರಿಸಿ ಕೆಡಿಸಿದ ಬಟ್ಟೆಯನ್ನು ಬಿಡಿಸಿ ನೋಡುವ ಹಾಗೆ ನೋಡುತ್ತಿದ್ದಳು. ಆಮೇಲೆ ಬೆರಳಿಟ್ಟು ತೋರಿಸಿದಳು.

“ಈ ಒಬ್ಬರು ಅಂದ್ರೆ ಯಾರು ಮೇಷ್ಟ್ರೇ?”

“ನಾನು.”

ಇಷ್ಟು ಚಿಕ್ಕ ಮಾತು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ರೂಪಶ್ರೀ ಕತ್ತಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಇದನ್ನ ಹಿಡ್ಕಂಡು ನಾನೇನು ಮಾಡ್ಲಿ?” ಎಂದಳು ಕೊನೆಗೆ. “ಚಿಕ್ಕಮ್ಮನ ಮುಂದೆ ಇಟ್ರೆ, ಹೊಟ್ಟೆಕಿಚ್ಚಿಗೆ ಯಾರೋ ಮೂಗರ್ಜಿ ಹಾಕವ್ರೆ, ಒಳ್ಳೇ ಸಂಬಂಧಕ್ಕೆ ಇದು ಇದ್ದದ್ದೇ ಅಂತಾಳೆ. ಮೇಷ್ಟ್ರನ್ನ ಕೇಳಣ ನಡಿ ಅಂತಾಳೆ. ಕೇಳಿದ್ರೆ ನೀವು ಏನ್ ಹೇಳ್ತೀರಿ?”

ಅವನು ಏನು ಹೇಳುತ್ತಿದ್ದ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅನ್ನಪೂರ್ಣಮ್ಮನ ನೆನಪಾಯಿತು, ಅಣ್ಣನ ಮನೆಯ ಹೆಸರೆತ್ತಿದರೆ ಅವಳ ಮುಖ ಅರಳುವ ರೀತಿ. ಈ ಮಳಿಗೆ, ಈ ಷಟರು, ನಾಳೆಯಿಂದ ಇದರ ಕೀಲಿ ಯಾರ ಕೈಯಲ್ಲೋ. “ಸಂಜೆ ಬಾರಮ್ಮ, ಯೋಚನೆ ಮಾಡಿ…” ಎಂದು ಶುರುಮಾಡಿದ.

“ಹಿಂಗೇ ಹೇಳಿ ಆಕಿನ್ನ ಬಸ್ ಹತ್ತಿಸಿದ್ರಾ?”

ಗಟ್ಟಿಯಾಗಿ ಕೇಳಲಿಲ್ಲ ಅವಳು. ನಿಜವಾಗಿ ತಿಳಿದುಕೊಳ್ಳಬೇಕಾದವಳ ಹಾಗೆ ಕೇಳಿದಳು. ವಿರೂಪಾಕ್ಷಪ್ಪ ಪತ್ರವನ್ನು ನಕಲು ಮಾಡಿ ಬೇರೆ ಪುಟಕ್ಕೆ ತಂದ. ‘ಒಬ್ಬರ ಮನೆಗೆ’ ಎಂಬುದನ್ನು ಅಳಿಸಿ ‘ನನ್ನ ಮನೆಗೆ’ ಎಂದು ಹಾಕಿದ, ‘ಅವರು’ ಇದ್ದಲ್ಲಿ ‘ನಾನು’. ಬೆರಳುಗಳು ಎಂದಿಗಿಂತ ನಿಧಾನವಾಗಿದ್ದವು, ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತಿದ್ದವು, ಮೊದಲ ದಿನ ಇನ್‌ಸ್ಟಿಟ್ಯೂಟಿಗೆ ಬಂದವನ ಹಾಗೆ. ಕೆಳಗೆ ತನ್ನ ಪೂರ್ತಿ ಹೆಸರು, ಊರು. ಪ್ರಿಂಟರು ಒಂದು ಸಲ ನರಳಿ ಹಾಳೆಯನ್ನು ಹೊರಗೆ ಹಾಕಿತು. ಅವಳು ಅದನ್ನು ತೆಗೆದುಕೊಂಡು ಓದಿ, ಮತ್ತೆ ಅವನ ಮುಂದೆಯೇ ಇಟ್ಟಳು.

“ಸೈನು ಮೇಷ್ಟ್ರೇ.”

ಅವನು ಜೇಬಿನಿಂದ ಪೆನ್ನು ತೆಗೆದ. ಫೋನ್ ಹೊಡೆದುಕೊಳ್ಳತೊಡಗಿತು, ಪರದೆಯ ಮೇಲೆ ಷಣ್ಮುಖಪ್ಪನ ಹೆಸರು ಬಂದು ಟೇಬಲ್ಲಿನ ಮೇಲೆ ಫೋನು ಸಣ್ಣಗೆ ತಿರುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಅದು ನಿಂತು, ಮತ್ತೆ ಶುರುವಾಯಿತು. ಪೆನ್ನಿನ ತುದಿ ಹಾಳೆಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತುಬಿಟ್ಟಿತ್ತು. ರೂಪಶ್ರೀ ಬಗ್ಗಿ, ಮನೆಯವರನ್ನು ವಿಚಾರಿಸುವ ಹಾಗೆ ಮೆಲ್ಲಗೆ ಕೇಳಿದಳು:

“ಯಾಕೆ ಮೇಷ್ಟ್ರೇ, ಕೈಗೇನಾಗೈತೆ?”

ಅವನು ಕೈ ನೋಡಿಕೊಂಡ. ಕೈಗೆ ಏನೂ ಆಗಿರಲಿಲ್ಲ. ಸಹಿ ಮಾಡಿದ.